ಐದೇ ಹಿಟ್, ಹದಿನೆಂಟು ಹಾಡು: ಕರ್ಸ್ಟಿ ಮೆಕಾಲ್ ಅವರ ‘ಗಲೋರ್’ ಕೊಳ್ಳಬೇಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಸಾಫ್ಟ್‌ವೇರ್ ಕೆಲಸದ ಮೇಲೆ ಬಂದು ಲಂಡನ್ನಿನ ದಕ್ಷಿಣದ ಕ್ರಾಯ್ಡನ್‌ನಲ್ಲಿ ನೆಲೆಸಿದ್ದೇನೆ. ಡಿಸೆಂಬರ್ ಬಂತೆಂದರೆ ಆಫೀಸು, ಸೂಪರ್‌ಮಾರ್ಕೆಟ್ಟು, ಪಬ್ಬು ಎಲ್ಲ ಕಡೆ ‘ಫೇರಿಟೇಲ್ ಆಫ್ ನ್ಯೂಯಾರ್ಕ್’ ಹಾಡೇ. ಅದರಲ್ಲಿರುವ ಹೆಣ್ಣುದನಿ ಕರ್ಸ್ಟಿ ಮೆಕಾಲ್ ಎಂಬವರದು, ಅವರು ಹುಟ್ಟಿದ್ದು ಇದೇ ಕ್ರಾಯ್ಡನ್‌ನಲ್ಲಿ ಅಂತ ಈಚೆಗೆ ಗೊತ್ತಾಯಿತು. ಮೊನ್ನೆ ಚಾರಿಟಿ ಅಂಗಡಿಯಲ್ಲಿ ಅವರ ಗ್ರೇಟೆಸ್ಟ್ ಹಿಟ್ಸ್ ಸಿಡಿ ‘ಗಲೋರ್’ ಕಣ್ಣಿಗೆ ಬಿತ್ತು. ಜೊತೆಗಿದ್ದ ಸಹೋದ್ಯೋಗಿ ತಡೆದ. ‘ಆಕೆಗೆ ಇದ್ದದ್ದು ಒಂದೇ ಹಿಟ್, ಅದೂ ಬೇರೆಯವರು ಬರೆದದ್ದು. ಉಳಿದದ್ದೆಲ್ಲ ಕವರ್ ಹಾಡುಗಳು, ಅಂದರೆ ಬೇರೆಯವರ ಹಾಡನ್ನೇ ಮತ್ತೆ ಹಾಡಿದವು. ಬೆಸ್ಟ್ ಆಫ್ ಸಿಡಿ ಅಂದರೆ ಕಂಪನಿಯವರು ಹಳೇ ಸರಕು ಮಾರುವ ಉಪಾಯ’ ಅಂದ. ಮೊಬೈಲಿನಲ್ಲಿ ಹುಡುಕಿದರೆ ಒಂದೇ ಹಾಡು ಎರಡು ಮೂರು ಕಡೆ, ಬೇರೆ ಬೇರೆ ಉದ್ದದಲ್ಲಿ ಸಿಗುತ್ತದೆ. ಸಂಕಲನ ಕೊಳ್ಳಲೋ, ಮೂಲ ಆಲ್ಬಂಗಳಿಗೇ ಹೋಗಲೋ? ಹೋಗುವುದಾದರೆ ಯಾವುದಕ್ಕೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅನುಮಾನ ಬೆರೆತುಕೊಂಡಿವೆ. ಈ ಗಾಯಕಿಗೆ ದುಡ್ಡು ಹಾಕಬಹುದೇ ಅನ್ನುವುದು ಒಂದು. ಸಂಕಲನ ಆಲ್ಬಂ ಎಂಬುದೇ ಮೋಸವೇ ಅನ್ನುವುದು ಇನ್ನೊಂದು. ಕ್ಯಾಸೆಟ್ಟು, ಸಿಡಿಗಳ ಕಾಲದಲ್ಲಿ ಸಂಕಲನಗಳಿಗೆ ಹಾಡು ಆರಿಸಿ, ಅವುಗಳ ಹಕ್ಕು ಕೇಳಿ ತರುವ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡಿದವನು ನಾನು. ಹಾಗಾಗಿ ನಿಮ್ಮ ಸಹೋದ್ಯೋಗಿಯ ಕೊನೆಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಹಳೇ ಸರಕಿಗೆ ಹೊಸ ಹೊದಿಕೆ ಹಾಕಿ, ಕೇಳುಗರ ಹತ್ತಿರ ಆಗಲೇ ಇರುವ ಹಾಡಿಗೇ ಮತ್ತೆ ಕಾಸು ಕೀಳುವ ಸಂಕಲನಗಳು ಬೇಕಾದಷ್ಟಿವೆ. ಆದರೆ ಆ ಮಾತನ್ನು ಕರ್ಸ್ಟಿ ಮೆಕಾಲ್ ವಿಷಯಕ್ಕೆ ತಂದರೆ ಲೆಕ್ಕ ತಲೆಕೆಳಗಾಗುತ್ತದೆ. ಈಕೆಯ ಮಟ್ಟಿಗೆ ಚದುರಿಹೋದ ಕೆಲಸವೆಲ್ಲ ಒಟ್ಟಿಗೆ ಕೂತದ್ದೇ ಸಂಕಲನದಲ್ಲಿ.

ಮೊದಲು ‘ಒಂದೇ ಹಿಟ್’ ಅನ್ನುವ ಮಾತು. ‘ಗಲೋರ್’ ಬಂದದ್ದು 1995ರಲ್ಲಿ, ವರ್ಜಿನ್ ಕಂಪನಿಯಿಂದ. ಅಷ್ಟರೊಳಗೆ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯ, ಅಂದರೆ ಬಿಡಿ ಹಾಡುಗಳ ಮಾರಾಟದ ಪಟ್ಟಿಯ, ಮೊದಲ ನಲವತ್ತರೊಳಗೆ ಕರ್ಸ್ಟಿಯ ಐದು ಹಾಡುಗಳು ಬಂದಿದ್ದವು. ಚಿಪ್ ಶಾಪಿನ (ಆಲೂಗಡ್ಡೆ ಕರಿದು ಮಾರುವ ಅಂಗಡಿಯ) ಹುಡುಗನೊಬ್ಬ ತಾನೇ ಎಲ್ವಿಸ್ ಎಂದು ಆಣೆ ಮಾಡುವ ಹಾಡು 1981ರಲ್ಲಿ 14ನೇ ಸ್ಥಾನ ಮುಟ್ಟಿತು. ‘ಎ ನ್ಯೂ ಇಂಗ್ಲೆಂಡ್’ 1985ರಲ್ಲಿ 7ನೇ ಸ್ಥಾನ. ‘ಫೇರಿಟೇಲ್’ 1987ರ ಕ್ರಿಸ್‌ಮಸ್‌ಗೆ 2ನೇ ಸ್ಥಾನ. ಪೆಟ್ ಶಾಪ್ ಬಾಯ್ಸ್ ಎಂಬ ತಂಡದ ಹಾಡು ಅಡ್ಡ ಬರದಿದ್ದರೆ ಅದೇ ಮೊದಲು ಬರುತ್ತಿತ್ತು. 1989ರಲ್ಲಿ ‘ಡೇಸ್’ 12ನೇ ಸ್ಥಾನಕ್ಕೆ, 1991ರಲ್ಲಿ ‘ವಾಕಿಂಗ್ ಡೌನ್ ಮ್ಯಾಡಿಸನ್’ 23ನೇ ಸ್ಥಾನಕ್ಕೆ ಏರಿದವು. ಹದಿನಾರು ವರ್ಷದ ದುಡಿಮೆಗೆ ಐದು ಹಿಟ್. ಹೆಚ್ಚೇನಲ್ಲ, ನಿಜ. ಹಾಗಂತ ಒಂದೇ ಅಂತೂ ಅಲ್ಲ.

‘ಎಲ್ಲ ಕವರ್’ ಅನ್ನುವ ಮಾತು ಹುಟ್ಟಿದ್ದೂ ಇದೇ ಪಟ್ಟಿಯಿಂದ. ಆ ಐದರಲ್ಲಿ ಮೂರು ಬೇರೆಯವರು ಬರೆದವು. ‘ಎ ನ್ಯೂ ಇಂಗ್ಲೆಂಡ್’ ಬಿಲ್ಲಿ ಬ್ರ್ಯಾಗ್ ಅವರದು, ‘ಡೇಸ್’ ಕಿಂಕ್ಸ್ ತಂಡದ ರೇ ಡೇವೀಸ್ ಅವರದು, ‘ಫೇರಿಟೇಲ್’ ಪೋಗ್ಸ್ ತಂಡದ ಶೇನ್ ಮೆಗವನ್ ಮತ್ತು ಜೆಮ್ ಫೈನರ್ ಅವರದು. ರೇಡಿಯೊ ಕೇಳಿಕೊಂಡು ಬೆಳೆದವರಿಗೆ ಕರ್ಸ್ಟಿ ಎಂದರೆ ಬೇರೆಯವರ ಹಾಡು ಹಾಡುವ ಹುಡುಗಿ ಅನ್ನಿಸಿದ್ದು ಹೀಗೆ. ಈಗ ‘ಗಲೋರ್’ ಸಿಡಿಯನ್ನು ತಿರುಗಿಸಿ ನೋಡಿ. ಅದರ 18 ಹಾಡುಗಳಲ್ಲಿ ಹೊರಗಿನವರು ಬರೆದವು ಆರೇ. ಉಳಿದ ಹನ್ನೆರಡು ಕರ್ಸ್ಟಿ ಒಬ್ಬರೇ ಬರೆದವು, ಇಲ್ಲವೇ ಜೊತೆಗಾರರೊಡನೆ ಕೂತು ಬರೆದವು. ಆ ಜೊತೆಗಾರರಲ್ಲಿ ಒಬ್ಬರು ಸ್ಮಿತ್ಸ್ ತಂಡದ ಗಿಟಾರ್ ವಾದಕ ಜಾನಿ ಮಾರ್.

ಇನ್ನು ಆ ಕವರ್‌ಗಳನ್ನಾದರೂ ಈಕೆ ಸುಮ್ಮನೆ ಒಪ್ಪಿಸಿಬಿಟ್ಟವರಲ್ಲ. ಬ್ರ್ಯಾಗ್ ಅವರ ಮೂಲ ‘ಎ ನ್ಯೂ ಇಂಗ್ಲೆಂಡ್’ ಕೇಳಿ: ಒಬ್ಬ ಗಂಡಸು, ಒಂದು ಎಲೆಕ್ಟ್ರಿಕ್ ಗಿಟಾರ್, ಎರಡೇ ಚರಣ. ಹಾಡು ತೀರ ಚಿಕ್ಕದಾಯಿತು ಅನ್ನಿಸಿ ಕರ್ಸ್ಟಿಗೆಂದೇ ಬ್ರ್ಯಾಗ್ ಇನ್ನೊಂದು ಚರಣ ಬರೆದುಕೊಟ್ಟರು. ಕರ್ಸ್ಟಿ ತಮ್ಮ ಕಡೆಯಿಂದ ಪಲ್ಲವಿಯ ದಿಕ್ಕನ್ನೇ ತಿರುಗಿಸಿದರು. ಅಲ್ಲಿ ಗಂಡು ತಾನು ಬೇರೆ ಹುಡುಗಿಯನ್ನು ಹುಡುಕುತ್ತಿದ್ದೇನೆ ಅನ್ನುತ್ತಿದ್ದರೆ, ಇಲ್ಲಿ ಹೆಣ್ಣು ‘ನೀನು ಬೇರೆಯವಳನ್ನು ಹುಡುಕುತ್ತಿದ್ದೀಯಾ’ ಎಂದು ಕೇಳುತ್ತಾಳೆ. ಅದರ ಮೇಲೆ ತಮ್ಮದೇ ದನಿಯನ್ನು ಪದರ ಪದರವಾಗಿ ಕೂರಿಸಿದರು. ಹಿಂದೆ ಕೇಳುವ ಆ ಕೋರಸ್ಸಿಗೆ ನಾಲ್ಕು ಜನ ಗಾಯಕಿಯರು ಬಂದಿರಲಿಲ್ಲ, ಎಲ್ಲ ಅವರೇ. ಕರ್ಸ್ಟಿ ತೀರಿಕೊಂಡ ಮೇಲೆ ಬ್ರ್ಯಾಗ್ ತಮ್ಮ ಕಛೇರಿಗಳಲ್ಲಿ ಆ ಮೂರನೆಯ ಚರಣವನ್ನೂ ಅವರ ನೆನಪಿಗೆಂದು ಹಾಡುತ್ತ ಬಂದಿದ್ದಾರೆ. ‘ಡೇಸ್’ ಬಗ್ಗೆ ಒಂದು ತಮಾಷೆ: 1968ರಲ್ಲಿ ಕಿಂಕ್ಸ್ ಹಾಡಿದಾಗಲೂ ಅದು ನಿಂತದ್ದು 12ನೇ ಸ್ಥಾನದಲ್ಲೇ.

ಹಾಗಾದರೆ ಇಷ್ಟು ಬರೆಯಬಲ್ಲವರು ಯಾಕೆ ಎಲೆಮರೆಯ ಕಾಯಿ ಆದರು? ನಮ್ಮ ಕಸುಬಿನವರು ಇದಕ್ಕೆ ಕಾರಣವನ್ನು ಹಾಡಿನಲ್ಲಿ ಹುಡುಕುವುದಿಲ್ಲ, ಮೊದಲು ಸರಬರಾಜಿನಲ್ಲಿ ಹುಡುಕುತ್ತೇವೆ. ‘ಗಲೋರ್’ ಶುರುವಾಗುವುದೇ ಅಂಥ ಹಾಡಿನಿಂದ. ‘ದೇ ಡೋಂಟ್ ನೋ’ ಬಂದದ್ದು 1979ರಲ್ಲಿ, ಸ್ಟಿಫ್ ಎಂಬ ಸಣ್ಣ ಕಂಪನಿಯಿಂದ. ಹಾಡಿದಾಗ ಕರ್ಸ್ಟಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ರೇಡಿಯೊಗಳು ಅದನ್ನು ಎಷ್ಟು ಹಾಕಿದವೆಂದರೆ ಪ್ರಸಾರದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂತು. ಅದೇ ಹೊತ್ತಿಗೆ ವಿತರಕರ ಮುಷ್ಕರ. ರೆಕಾರ್ಡು ಅಂಗಡಿಗೇ ಹೋಗಲಿಲ್ಲ. ಮಾರಾಟದ ಲೆಕ್ಕದಲ್ಲಿ ತಯಾರಾಗುವ ಪಟ್ಟಿಯಲ್ಲಿ ಹಾಡಿಗೆ ಜಾಗವೇ ಸಿಗಲಿಲ್ಲ.

ನಾಲ್ಕು ವರ್ಷ ಕಳೆದು 1983ರಲ್ಲಿ ನಟಿ ಟ್ರೇಸಿ ಉಲ್ಮನ್ ಇದೇ ಹಾಡನ್ನು ಹಾಡಿದರು. ಬ್ರಿಟನ್ನಿನಲ್ಲಿ 2ನೇ ಸ್ಥಾನ, ಅಮೆರಿಕದಲ್ಲಿ 8ನೇ ಸ್ಥಾನ. ವಿಡಿಯೊದಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೂಡ ಬಂದು ಮುಖ ತೋರಿಸಿ ಹೋದರು. ಎರಡೂ ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಹಾಕಿಕೊಂಡು ಕೇಳಿ. ನಡುವೆ ವಾದ್ಯದ ತುಣುಕು ಮುಗಿದು ಚರಣಕ್ಕೆ ಮರಳುವ ಕಡೆ ‘ಬೇಬಿ’ ಎಂದು ಮೇಲಿನ ಸ್ವರದಲ್ಲಿ ಒಂದು ಕೂಗು ಇದೆ. ಎರಡರಲ್ಲೂ ಆ ಕೂಗು ಕರ್ಸ್ಟಿಯದೇ. ಉಲ್ಮನ್‌ಗೆ ಆ ಸ್ವರ ಎಟುಕಲಿಲ್ಲ, ಹಿಮ್ಮೇಳಕ್ಕೆ ಬಂದಿದ್ದ ಕರ್ಸ್ಟಿಯೇ ಅದನ್ನು ಹಾಡಿಕೊಟ್ಟರು. ಹಾಡು ಬರೆದದ್ದು ಅವರು, ಕಿವಿ ಹಿಡಿದು ನಿಲ್ಲಿಸುವ ಆ ಒಂದು ಸ್ವರ ಹಚ್ಚಿದ್ದೂ ಅವರೇ. ಪಟ್ಟಿಯಲ್ಲಿ ಬಂದ ಹೆಸರು ಮಾತ್ರ ಬೇರೆ.

ಆಮೇಲಿನದು ಕಂಪನಿಗಳ ಕಥೆ. ಸ್ಟಿಫ್ ಬಿಟ್ಟು ಪಾಲಿಡಾರ್‌ಗೆ ಹೋದರು; ಅಲ್ಲಿ ಮೊದಲ ಆಲ್ಬಂ ಬಂತು, ಎರಡನೆಯದು ತಯಾರಾಗಿದ್ದೂ ಹೊರಬರಲಿಲ್ಲ. ಮತ್ತೆ ಸ್ಟಿಫ್‌ಗೆ ಬಂದರು. ‘ಎ ನ್ಯೂ ಇಂಗ್ಲೆಂಡ್’ ಗೆದ್ದಿತು. ಅದರ ಬೆನ್ನಿಗೇ ಕಂಪನಿ ದಿವಾಳಿಯತ್ತ ಜಾರಿತು. ಒಪ್ಪಂದ ಮಾತ್ರ ಕೊರಳಿಗೆ ಸುತ್ತಿಕೊಂಡೇ ಇತ್ತು, ಬೇರೆ ಕಡೆ ತಮ್ಮ ಹೆಸರಿನಲ್ಲಿ ಹಾಡುವಂತಿರಲಿಲ್ಲ. ಆ ವರ್ಷಗಳಲ್ಲಿ ಅವರು ಬೇರೆಯವರ ರೆಕಾರ್ಡುಗಳಿಗೆ ಹಿಮ್ಮೇಳ ಹಾಡಿದರು. ಸ್ಮಿತ್ಸ್ ತಂಡದ ‘ಆಸ್ಕ್’ ಹಾಡಿನಲ್ಲಿ ಹಿಂದೆ ಕೇಳುವ ದನಿ ಅವರದು. ಕೊನೆಗೆ ವರ್ಜಿನ್ ಸಿಕ್ಕಿತು, ಎರಡು ಒಳ್ಳೆಯ ಆಲ್ಬಂ ಬಂದವು. 1992ರಲ್ಲಿ ವರ್ಜಿನ್ ಕಂಪನಿಯೇ ಇಎಂಐಗೆ ಮಾರಾಟವಾಗಿ ಅವರನ್ನು ಕೈಬಿಟ್ಟಿತು. ಮುಂದಿನ ಆಲ್ಬಂ ‘ಟೈಟಾನಿಕ್ ಡೇಸ್’ ಬ್ರಿಟನ್ನಿನಲ್ಲಿ ಬಂದದ್ದು ಇನ್ನೊಂದು ಕಂಪನಿಯಿಂದ. ಇದೆಲ್ಲದರ ಜೊತೆಗೆ ವೇದಿಕೆಯ ಭಯ. ಊರೂರು ಸುತ್ತಿ ಹಾಡುವುದು ಅವರಿಗೆ ಒಗ್ಗಲಿಲ್ಲ. ಆ ಕಾಲದಲ್ಲಿ ಆಲ್ಬಂ ಮಾರಬೇಕೆಂದರೆ ಕಲಾವಿದರು ಬಸ್ಸು ಹತ್ತಲೇಬೇಕಿತ್ತು.

ನಿಮ್ಮ ಕ್ರಿಸ್‌ಮಸ್ ಹಾಡೂ ಬದಲಿಯಾಗಿ ಸಿಕ್ಕಿದ್ದೇ. ಪೋಗ್ಸ್‌ನಲ್ಲಿ ಆ ಭಾಗ ಹಾಡಬೇಕಿದ್ದದ್ದು ತಂಡದ ಬೇಸ್ ವಾದಕಿ ಕೇಟ್ ಓರಿಯರ್ಡನ್. ಅವರು ತಂಡ ಬಿಟ್ಟರು. ನಿರ್ಮಾಪಕ ಸ್ಟೀವ್ ಲಿಲಿವೈಟ್ ಆಗ ಕರ್ಸ್ಟಿಯ ಗಂಡ. ಯಾರಾದರೂ ಮುಂದೆ ಹಾಡಲಿ, ಸದ್ಯಕ್ಕೆ ಮಾದರಿಗೆ ಇರಲಿ ಎಂದು ಟೇಪನ್ನು ಮನೆಯ ಸ್ಟುಡಿಯೊಗೆ ತಂದು ಹೆಂಡತಿಯ ಕೈಲಿ ಹಾಡಿಸಿದರು. ಕೇಳಿದ ತಂಡ ಬೇರೆಯವರನ್ನು ಹುಡುಕುವುದನ್ನು ನಿಲ್ಲಿಸಿತು. ಹಾಡಿನಲ್ಲಿ ಇಬ್ಬರೂ ಎದುರುಬದುರು ನಿಂತು ಬೈದಾಡುವ ಹಾಗೆ ಕೇಳಿಸುತ್ತದಲ್ಲ, ಇಬ್ಬರ ದನಿಯನ್ನೂ ಬೇರೆ ಬೇರೆಯಾಗಿಯೇ ಮುದ್ರಿಸಿದ್ದು.

ಈಗ ಸಂಕಲನದ ಕಸುಬಿಗೆ ಬರೋಣ. ಗೆದ್ದ ಗಾಯಕರ ಗ್ರೇಟೆಸ್ಟ್ ಹಿಟ್ಸ್ ಮಾಡುವುದು ಸುಲಭ, ಪಟ್ಟಿ ನೋಡಿ ಮೇಲಿನಿಂದ ಎತ್ತಿಕೊಂಡರಾಯಿತು. ಕೇಳುವವರಿಗೆ ಮಾತ್ರ ಅದು ಬಾಳೆಲೆಗೆ ಬರೀ ಪಾಯಸ ಬಡಿಸಿದ ಹಾಗೆ. ಐದು ಹಿಟ್ ಇರುವವರ ಸಂಕಲನಕ್ಕೆ ಉಳಿದ ಹದಿಮೂರು ಹಾಡನ್ನು ಯಾರಾದರೂ ಕಿವಿಯಿಂದಲೇ ಆರಿಸಬೇಕು. ‘ಗಲೋರ್’ ಉಳಿದುಕೊಂಡಿರುವುದು ಆ ಹದಿಮೂರರ ಬಲದ ಮೇಲೆ. ಆಸ್ಟ್ರೇಲಿಯಾಕ್ಕೆ ಹೊರಟುಹೋದ ಗೆಳೆಯನ ಬಗ್ಗೆ ‘ಹೀಸ್ ಆನ್ ದ ಬೀಚ್’ ಇದೆ. 1985ರಲ್ಲಿ ಯಾರೂ ಕೊಳ್ಳಲಿಲ್ಲ, ಊರು ಬಿಟ್ಟು ಬಂದ ನಿಮಗೆ ಬಹುಶಃ ಅದೇ ಮೊದಲು ತಾಗೀತು. ಥ್ಯಾಚರ್ ಕಾಲದ ಬ್ರಿಟನ್ನಿನ ಮೇಲೆ ಸಿಟ್ಟು ಕಾರುವ ‘ಫ್ರೀ ವರ್ಲ್ಡ್’ ಇದೆ. ‘ವಾಕಿಂಗ್ ಡೌನ್ ಮ್ಯಾಡಿಸನ್’ ನ್ಯೂಯಾರ್ಕಿನ ಬೀದಿಯಲ್ಲಿ ಮಲಗುವವರ ಬಗ್ಗೆ, ಹಿಪ್ ಹಾಪ್ ತಾಳದಲ್ಲಿ. ಅದರ ಹಿಂದೆಯೇ ಲ್ಯಾಟಿನ್ ವಾದ್ಯಗಳ ‘ಮೈ ಅಫೇರ್’. ಪೋಗ್ಸ್ ಜೊತೆ ಹಾಡಿದ ಕೋಲ್ ಪೋರ್ಟರ್‌ನ ‘ಮಿಸ್ ಓಟಿಸ್ ರಿಗ್ರೆಟ್ಸ್’ ಮೂಲತಃ 1990ರಲ್ಲಿ ಏಡ್ಸ್ ನಿಧಿಗಾಗಿ ಬಂದ ಆಲ್ಬಮ್ಮಿನದು, ಅವರ ಯಾವ ಸ್ವಂತ ಆಲ್ಬಮ್ಮಿನಲ್ಲೂ ನಿಮಗೆ ಸಿಗುವಂಥದ್ದಲ್ಲ. ‘ಫೇರಿಟೇಲ್’ ಕೂಡ ಪೋಗ್ಸ್ ಆಲ್ಬಮ್ಮಿನದು.

ಇಲ್ಲೇ ಹಕ್ಕಿನ ವಿಷಯ ಬರುವುದು. ಧ್ವನಿಮುದ್ರಣದ ಹಕ್ಕು ಹಾಡಿದವರದಲ್ಲ, ಹೆಚ್ಚಿನ ಪಾಲು ದುಡ್ಡು ಹಾಕಿ ಮುದ್ರಿಸಿದ ಕಂಪನಿಯದು. ಇಷ್ಟು ಕಂಪನಿಗಳಲ್ಲಿ ಹಂಚಿಹೋದ ಹಾಡುಗಳನ್ನು ಒಂದೇ ಸಿಡಿಗೆ ತರಬೇಕೆಂದರೆ ಒಬ್ಬೊಬ್ಬರ ಬಾಗಿಲಿಗೂ ಹೋಗಬೇಕು. ಒಬ್ಬರು ಕೊಡುವುದಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಇದನ್ನು ಅನುಭವಿಸಿದವನಿಗೆ ‘ಗಲೋರ್’ ಪಟ್ಟಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಸ್ಟಿಫ್, ಪಾಲಿಡಾರ್, ವರ್ಜಿನ್, ಪೋಗ್ಸ್, ‘ಟೈಟಾನಿಕ್ ಡೇಸ್’ ಎಲ್ಲ ಒಂದೇ ತಟ್ಟೆಯ ಮೇಲೆ ಬಂದಿವೆ. ಕೊನೆಯ ಎರಡು, ‘ಕ್ಯಾರೊಲಿನ್’ ಮತ್ತು ಗಾಯಕ ಇವಾನ್ ಡ್ಯಾಂಡೊ ಜೊತೆ ಹಾಡಿದ ಲೂ ರೀಡ್‌ನ ‘ಪರ್ಫೆಕ್ಟ್ ಡೇ’, ಆಗ ಹೊಸದಾಗಿ ಸೇರಿಸಿದವು. ಹಳೇ ಅಭಿಮಾನಿಯೂ ಕೊಳ್ಳಲಿ ಎಂದು ಸಂಕಲನಕ್ಕೆ ಎರಡು ಹೊಸ ಹಾಡು ತೂರಿಸುವುದು ನಮ್ಮ ಧಂದೆಯ ಹಳೇ ಚಾಳಿ. ‘ಕ್ಯಾರೊಲಿನ್’ ಆ ಚಾಳಿಗೆ ಮೀರಿದ ಹಾಡು. ‘ಪರ್ಫೆಕ್ಟ್ ಡೇ’ ಇರದಿದ್ದರೂ ನನಗೆ ನಷ್ಟವಾಗುತ್ತಿರಲಿಲ್ಲ.

ಹಾಡುಗಳನ್ನು ಹೆಚ್ಚುಕಡಿಮೆ ಕಾಲಕ್ರಮದಲ್ಲಿ ಜೋಡಿಸಿದ್ದಾರೆ, ಸರಳವಾಗಿ. ಹಾಡಿನ ಸರಣಿಯ ವಿಷಯದಲ್ಲಿ ಕರ್ಸ್ಟಿಯ ಕಿವಿ ದೊಡ್ಡದಿತ್ತು ಅನ್ನುವುದಕ್ಕೆ ಬೇರೆ ಕಡೆ ಸಾಕ್ಷಿ ಇದೆ: ಯು2 ತಂಡದ ‘ದ ಜೋಶುವಾ ಟ್ರೀ’ ಆಲ್ಬಮ್ಮಿನ ಹಾಡುಗಳನ್ನು ಈಗಿರುವ ಕ್ರಮಕ್ಕೆ ಜೋಡಿಸಿದ್ದು ಅವರೇ. ಕೋಟಿಗಟ್ಟಲೆ ಜನ ಆ ಕ್ರಮದಲ್ಲೇ ಕೇಳಿದ್ದಾರೆ, ಜೋಡಿಸಿದವರ ಹೆಸರು ಗೊತ್ತಿರುವವರು ಕಡಿಮೆ. ‘ಗಲೋರ್’ ಆಲ್ಬಂ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ಅವರ ಬೇರಾವ ಆಲ್ಬಮ್ಮೂ ಅಷ್ಟು ಮೇಲೆ ಹೋಗಿಲ್ಲ. ಎಲ್ಲರೂ ಹೊಗಳುವ ‘ಕೈಟ್’ 34ರಲ್ಲೇ ನಿಂತಿತ್ತು. ಕೊಳ್ಳಲು ಜನ ಇದ್ದರು, ಹಾಡುಗಳು ಒಂದೇ ಕಡೆ ಸಿಕ್ಕಿರಲಿಲ್ಲ ಅಷ್ಟೆ.

ಇಷ್ಟು ಹೊಗಳಿದ ಮೇಲೆ ‘ಗಲೋರ್’ ಕೊಡದ್ದೇನು ಎಂಬುದನ್ನೂ ಹೇಳಬೇಕು. ಅದು 1995ಕ್ಕೆ ನಿಲ್ಲುತ್ತದೆ. 2000ದಲ್ಲಿ ಬಂದ ‘ಟ್ರಾಪಿಕಲ್ ಬ್ರೈನ್‌ಸ್ಟಾರ್ಮ್’ ಆಲ್ಬಮ್ಮಿನ ಒಂದು ಹಾಡೂ ಅದರಲ್ಲಿಲ್ಲ. ಕ್ಯೂಬಾ, ಬ್ರೆಜಿಲ್‌ಗಳ ಸಂಗೀತಕ್ಕೆ ಮನಸೋತು ಮಾಡಿದ ಆಲ್ಬಂ ಅದು. ‘ಇನ್ ದೀಸ್ ಶೂಸ್?’ ಅದರಲ್ಲಿದೆ. 1998ರ ವಿಶ್ವಕಪ್ಪಿನ ಇಂಗ್ಲೆಂಡ್–ಕೊಲಂಬಿಯಾ ಪಂದ್ಯವನ್ನು ಪಬ್ಬಿನಲ್ಲಿ ನೋಡುತ್ತ, ಜೊತೆಗೆ ಬಂದ ಗಂಡಸಿಗೆ ಹೆಂಡತಿ ಮಕ್ಕಳಿದ್ದಾರೆಂದು ತಿಳಿದುಕೊಳ್ಳುವ ಹೆಂಗಸಿನ ಹಾಡೂ ಇದೆ. ನಗಿಸುತ್ತಲೇ ಚುರುಕು ಮುಟ್ಟಿಸುವ ಆ ಕೈ ಬೇರೆ ಯಾರಿಗೂ ಬರಲಿಲ್ಲ. 2000ದ ಡಿಸೆಂಬರ್ 18ರಂದು ಮೆಕ್ಸಿಕೊದ ಕೊಸುಮೆಲ್ ದ್ವೀಪದ ಬಳಿ ಮಕ್ಕಳ ಜೊತೆ ಸಮುದ್ರದಲ್ಲಿ ಮುಳುಗು ಹಾಕಲು ಹೋಗಿದ್ದಾಗ, ದೋಣಿ ಬರಕೂಡದ ಜಾಗಕ್ಕೆ ನುಗ್ಗಿದ ವೇಗದ ದೋಣಿ ಬಡಿದು ತೀರಿಕೊಂಡರು. ಮಗನನ್ನು ಅದರ ದಾರಿಯಿಂದ ದೂಡಿ ಉಳಿಸಿದ್ದರು. ಅವರಿಗೆ 41 ವರ್ಷ.

ಇನ್ನು ನಿಮ್ಮ ಮುಂದಿರುವ ದಾರಿಗಳು. ‘ಗಲೋರ್’ ಕೊಂಡುಕೊಳ್ಳಿ, ಇದರಲ್ಲಿ ನನಗೆ ಅನುಮಾನವಿಲ್ಲ. ಚಾರಿಟಿ ಅಂಗಡಿಯ ಬೆಲೆಗೆ ಅಪಾಯವೇನೂ ಇಲ್ಲ. ಅದಾದ ಮೇಲೆ ಒಂದೇ ಮೂಲ ಆಲ್ಬಂ ಎಂದರೆ 1989ರ ‘ಕೈಟ್’. ಸಂಕಲನದಲ್ಲಿ ಅದರ ನಾಲ್ಕೈದು ಹಾಡು ಇರುವುದರಿಂದ ಸ್ವಲ್ಪ ಪುನರಾವರ್ತನೆ ಆಗುತ್ತದೆ. ಆಗಲಿ, ಇಡೀ ಆಲ್ಬಮ್ಮಿನ ಓಘ ಬಿಡಿ ಹಾಡಿನಲ್ಲಿ ಸಿಗುವುದಿಲ್ಲ. ಒಂದೇ ಹಾಡು ಎರಡು ಸಲ ಬೇಡವೆನ್ನುವವರಾದರೆ ‘ಟ್ರಾಪಿಕಲ್ ಬ್ರೈನ್‌ಸ್ಟಾರ್ಮ್’ ಮೊದಲು ತೆಗೆದುಕೊಳ್ಳಿ, ‘ಗಲೋರ್’ ಜೊತೆ ಒಂದು ಹಾಡೂ ತಾಳೆಯಾಗುವುದಿಲ್ಲ. 1981ರ ಮೊದಲ ಆಲ್ಬಮ್ಮನ್ನು ಈಗಲೇ ಮುಟ್ಟಬೇಡಿ.

2000ದ ನಂತರ ಬಂದ ಬೇರೆ ಸಂಕಲನಗಳೂ ನಿಮಗೆ ಎದುರಾಗಬಹುದು. ಒಂದೇ ಸಿಡಿ ಸಾಕು ಅನ್ನುವವರಿಗೆ ಅವು ತಪ್ಪಲ್ಲ. ‘ಇನ್ ದೀಸ್ ಶೂಸ್?’ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ‘ಗಲೋರ್’ ಬಿಟ್ಟು ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. 2005ರ ‘ಫ್ರಮ್ ಕ್ರಾಯ್ಡನ್ ಟು ಕ್ಯೂಬಾ’ ಮೂರು ಸಿಡಿಗಳದು, 2023ರ ‘ಸೀ ದಟ್ ಗರ್ಲ್’ ಎಂಟು ಸಿಡಿಗಳದು. ಇವು ಆಗಲೇ ಹುಚ್ಚು ಹತ್ತಿದವರಿಗೆ. ಹೊಸಬರು ಎಂಟು ಸಿಡಿ ಮುಂದಿಟ್ಟುಕೊಂಡರೆ ಎರಡನೆಯದಕ್ಕೇ ಸುಸ್ತಾಗಿ ಕಪಾಟಿಗೆ ಸೇರಿಸುತ್ತಾರೆ, ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮೊಬೈಲಿನ ಗೊಂದಲಕ್ಕೆ ಕಾರಣ ಮೂರು. ರೇಡಿಯೊಗೆಂದು ಕತ್ತರಿಸಿದ ಸಿಂಗಲ್ ಒಂದು ಉದ್ದ, ಆಲ್ಬಮ್ಮಿನದು ಇನ್ನೊಂದು ಉದ್ದ. ‘ವಾಟ್ ಡು ಪ್ರೆಟಿ ಗರ್ಲ್ಸ್ ಡು?’ ಎಂಬ ಹೆಸರಿನಡಿ ಸಿಗುವವು ಬಿಬಿಸಿ ರೇಡಿಯೊಗೆ ಹಾಡಿದವು. ಚೆನ್ನಾಗಿವೆ, ಆದರೆ ನೀವು ಹುಡುಕುತ್ತಿರುವ ಮುದ್ರಣ ಅವಲ್ಲ. ಇನ್ನು ‘ಫೇರಿಟೇಲ್’ ಹಾಡಿನ ಬೈಗುಳದ ಸಾಲಿನ ಜಗಳ. 2007ರಲ್ಲಿ ಬಿಬಿಸಿಯ ರೇಡಿಯೊ 1 ಆ ಬೈಗುಳವನ್ನು ಅಳಿಸಿ, ಜನ ಬೈದ ಮೇಲೆ ಅದೇ ದಿನ ವಾಪಸು ಹಾಕಿತು. 2020ರಲ್ಲಿ ಮತ್ತೆ ತಿದ್ದಿದ ರೂಪ ಹಾಕಿತು. ಹಾಗಾಗಿ ನಿಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಕೇಳಿದ್ದೂ ಸಿಡಿಯಲ್ಲಿರುವುದೂ ಹೊಂದದಿದ್ದರೆ ಗಾಬರಿಯಾಗಬೇಡಿ. ಹಕ್ಕು ಚದುರಿರುವ ಕಲಾವಿದರ ಹಾಡು ಇವತ್ತು ಮೊಬೈಲಿನಲ್ಲಿದ್ದು ನಾಳೆ ಮಾಯವಾಗುವುದೂ ಉಂಟು. ಸಿಡಿಗೆ ಆ ರೋಗವಿಲ್ಲ.

‘ರಿಮಾಸ್ಟರ್’ (ಸದ್ದನ್ನು ಹೊಸದಾಗಿ ಹದ ಮಾಡಿದ್ದು) ಎಂಬ ಚೀಟಿ ಕಂಡರೆ ಹೆಚ್ಚು ಕಾಸು ಕೊಡಬೇಡಿ. ಮರುಮುದ್ರಣದಲ್ಲಿ ಸದ್ದು ಏರಿಸಿದ್ದನ್ನೇ ಜನ ಸುಧಾರಣೆ ಅಂದುಕೊಳ್ಳುತ್ತಾರೆ. ಕರ್ಸ್ಟಿಯ ಹಾಡಿನ ಸೊಗಸೆಲ್ಲ ಹಿಂದಿನ ದನಿಗಳ ಪದರದಲ್ಲಿದೆ, ಸದ್ದು ಒತ್ತಿದರೆ ಮೊದಲು ಚಪ್ಪಟೆಯಾಗುವುದು ಅದೇ.

ಅಂಗಡಿಯಲ್ಲಿ ಸಿಡಿಯನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಡುವಿನಿಂದ ಅಂಚಿಗೆ ನೇರ ಹೋದ ಗೀರನ್ನು ಪ್ಲೇಯರ್ ಸಾಮಾನ್ಯವಾಗಿ ದಾಟಿಕೊಳ್ಳುತ್ತದೆ. ಸುತ್ತ ಬಳಸಿಕೊಂಡು ಹೋದ ಗೀರು ಕೆಟ್ಟದ್ದು, ಹೆಸರು ಅಚ್ಚು ಹಾಕಿದ ಮೇಲ್ಭಾಗದ ಆಳವಾದ ಗೀರು ಇನ್ನೂ ಕೆಟ್ಟದ್ದು. ಸಿಡಿ ಓದುವುದು ಒಳಗಿನಿಂದ ಹೊರಕ್ಕೆ, ಬೆರಳು ತಾಗಿ ಸವೆಯುವುದು ಅಂಚು. ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ಮೊದಲ ಹಾಡು ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ. 17, 18ನೇ ಹಾಡುಗಳನ್ನು ಹಾಕಿಸಿ, ತೊಡರದೆ ಓಡಿದರೆ ಕಾಸು ಕೊಡಿ.